ಇಂದಾ ಎಂದವನು

ವಾಲಿಬಾಲ್ ನೋಡಲು ಬರುವ ಜನ ಹೊಡೆಯುವವನನ್ನು ನೋಡುತ್ತಾರೆಯೇ ಹೊರತು, ಹೊಡೆಯಲು ಬಾಲನ್ನು ಎತ್ತಿಕೊಟ್ಟವನು ಯಾರೆಂದು ಒಬ್ಬನಾದರೂ ಕೇಳಿದ್ದುಂಟೇ? ಇಲ್ಲ ಸ್ವಾಮಿ, ಇಲ್ಲ. ಎತ್ತಿಕೊಡುವವನಿಗೆ ಲಿಫ್ಟರ್ ಅನ್ನುತ್ತಾರೆ. ನಮ್ಮ ಕೋದಂಡಪ್ಪ ಲಿಫ್ಟರ್. ನೆಟ್ಟಿನ ಪಕ್ಕ ನಿಂತು, ಹಿಂದಿನವರು ತಡೆದು ಕಳಿಸಿದ ಬಾಲನ್ನು ಹತ್ತು ಬೆರಳ ತುದಿಯಲ್ಲಿ ಹೂವಿನ ಹಾಗೆ ಎತ್ತಿ, ಬೇಕಾದ ಜಾಗಕ್ಕೆ ಬೇಕಾದ ಎತ್ತರಕ್ಕೆ ಕೊಡುವುದು ಅವನ ಕೆಲಸ. ಅವನು ಕೊಟ್ಟದ್ದನ್ನು ಪೆರುಮಾಳ್ ಎಗರಿ ಬಡಿಯುತ್ತಿದ್ದ. ಆಚೆ ಕೋರ್ಟಿನಲ್ಲಿ ಧೂಳೆದ್ದರೆ ಸಾಕು, ಕೆಜಿಎಫ್‌ನ ಮೈದಾನಕ್ಕೆ ಮೈದಾನವೇ 'ಪೆರುಮಾಳ್! ಪೆರುಮಾಳ್!' ಎಂದು ಕೂಗುತ್ತಿತ್ತು. ಎಂಟು ವರ್ಷದಿಂದ ಕೂಗುತ್ತಿತ್ತು. ಅಷ್ಟು ವರ್ಷವೂ ಕೋದಂಡಪ್ಪ ಪಕ್ಕದಲ್ಲೇ ನಿಂತು ಬೆವರೊರೆಸಿಕೊಳ್ಳುತ್ತಾ ಆ ಕೂಗು ಕೇಳಿಸಿಕೊಂಡಿದ್ದ.

ಹೊಟ್ಟೆ ಉರಿಯದೆ ಇರುತ್ತದೆಯೇ? ಉರಿಯುತ್ತಿತ್ತು. ಮೊದಮೊದಲು ಒಗ್ಗರಣೆಯ ಹಾಗೆ ಚುರ್ ಎಂದು ಸುಮ್ಮನಾಗುತ್ತಿತ್ತು. ಈಚೀಚೆಗೆ ಸುಮ್ಮನಾಗುವುದನ್ನೇ ಬಿಟ್ಟಿತ್ತು.

ಕೋದಂಡಪ್ಪ ಬೇತಮಂಗಲದ ಕಡೆಯವನು. ಅಪ್ಪ ಈಗಲೂ ಊರಲ್ಲಿ ಹಸು ಕಟ್ಟಿಕೊಂಡು ಹೊಲ ನೋಡುತ್ತಿದ್ದ. ಆಟದ ದೆಸೆಯಿಂದ ಇವನಿಗೆ ಗಣಿಯ ಸ್ಟೋರಿನಲ್ಲಿ ಕೆಲಸ ಸಿಕ್ಕಿತ್ತು. ಹೆಂಡತಿ ವೆಂಕಟರತ್ನಮ್ಮನನ್ನು ಕರೆತಂದು ರಾಬರ್ಟ್‌ಸನ್‌ಪೇಟೆಯಲ್ಲಿ ಮನೆ ಮಾಡಿದ್ದ. ಪೆರುಮಾಳ್ ಆಂಡರ್ಸನ್‌ಪೇಟೆಯ ತಮಿಳರ ಹುಡುಗ. ಅವನಪ್ಪ ಗಣಿಯೊಳಗೆ ಇಳಿಯುತ್ತಿದ್ದವನು. ಹುಡುಗ ಕೋದಂಡಪ್ಪನಿಗಿಂತ ನಾಲ್ಕೈದು ವರ್ಷ ಚಿಕ್ಕವನು, 'ಅಣ್ಣಾ' ಎಂದು ಬಾಯಿತುಂಬ ಕರೆಯುತ್ತಿದ್ದ. ಆ ಪ್ರೀತಿಯೂ ಒಂದು ತೊಂದರೆಯೇ. ಸೊಕ್ಕಿನವನಾಗಿದ್ದರೆ ಬಹಿರಂಗವಾಗಿ ದ್ವೇಷಿಸಬಹುದಿತ್ತು. ಇವನ ಮೇಲೆ ಯಾವ ಮುಖ ಇಟ್ಟುಕೊಂಡು ಹಲ್ಲು ಕಡಿಯುವುದು?

ಇವರಿಬ್ಬರ ನಡುವೆ ಎರಡು ಮಾತು ನಡೆಯುತ್ತಿದ್ದವು. ಅವು ಹುಟ್ಟಿದ್ದೇ ಒಂದು ಎಡವಟ್ಟಿನಿಂದ. ಪೆರುಮಾಳ್ ಗಣಿಯ ತಂಡಕ್ಕೆ ಬಂದ ಹೊಸದು, ಬಂಗಾರಪೇಟೆಯಲ್ಲಿ ಪಂದ್ಯ. ಕೋದಂಡಪ್ಪ ಬಾಲನ್ನು ತಲೆಯ ಮೇಲಿಂದ ಬೆನ್ನ ಹಿಂದಕ್ಕೆ ಎತ್ತುವವನಿದ್ದ. 'ಹಿಂದೆ' ಎಂದು ಎಚ್ಚರಿಸಬೇಕು. ನಮ್ಮ ಕಡೆಯವರ ಬಾಯಲ್ಲಿ ಹಕಾರ ನಿಲ್ಲುವುದುಂಟೇ? 'ಇಂದೆ' ಎಂದು ಕೂಗಿದ. ತಮಿಳು ಹುಡುಗನ ಕಿವಿಗೆ ಅದು 'ಇಂದಾ' ಎಂದು ಬಿತ್ತು. ಇಂದಾ ಎಂದರೆ ಅವರ ಮಾತಿನಲ್ಲಿ 'ತಗೋ'. ತಗೋ ಎಂದರಲ್ಲ ಎಂದು ಪೆರುಮಾಳ್ ಮುಂದೆ ಎಗರಿ ಬರೀ ಗಾಳಿಗೆ ಬಾರಿಸಿದ, ಬಾಲು ಹಿಂದೆ ಹೋಗಿ ನೆಲಕ್ಕೆ ಬಿತ್ತು. ರೈಲಿಗೆ ಕಾಯುತ್ತಿದ್ದವರೂ ಬಂದು ನಿಂತು ನಕ್ಕರು.

"ಯೋನ್ಲಾ, ಇಂದೆ ಅಂದ್ರೆ ಮುಂದೆ ಎಗರ್ತೀಯ?"

"ನೀನ್ ತಾನೆ ಅಣ್ಣಾ ಇಂದಾ ಅಂದೆ? ಇಂದಾ ಅಂದ್ರೆ ತಗೋ ಅಂತ ಅಲ್ವಾ?"

ಆವತ್ತು ಸೋತರು. ಆದರೆ ಆ ಎರಡು ಮಾತನ್ನೂ ಇಟ್ಟುಕೊಂಡರು. 'ಇಂದೆ' ಎಂದರೆ ಬಾಲು ಬೆನ್ನ ಹಿಂದೆ. 'ಇಂದಾ' ಎಂದರೆ ಇಲ್ಲೇ, ಮೂಗಿನ ಮುಂದೆ, ನೆಟ್ಟಿಗಿಂತ ಒಂದು ಗೇಣು ಮೇಲೆ ಬರುವ ಚಿಕ್ಕ ಬಾಲು. ಈ ಚಿಕ್ಕ ಬಾಲಿನ ವಿಷಯ ಸ್ವಲ್ಪ ತಿಳಿದುಕೊಳ್ಳಬೇಕು. ಅದನ್ನು ನೋಡಿಕೊಂಡು ಎಗರಿದರೆ ಹೊತ್ತು ಮೀರಿತು. ಲಿಫ್ಟರ್ ಕೈಗೆ ಬಾಲು ಮುಟ್ಟುವ ಮೊದಲೇ ಹೊಡೆಯುವವನು ಮೇಲೆದ್ದಿರಬೇಕು, ಬಂದೇ ಬರುತ್ತದೆ ಎಂದು ನಂಬಿ ಕೈ ಬೀಸಿರಬೇಕು. ಅರ್ಧ ನಂಬಿದವನು ಅರ್ಧ ಎಗರುತ್ತಾನೆ. ಪೆರುಮಾಳ್ ಮಾತ್ರ 'ಇಂದಾ' ಕಿವಿಗೆ ಬಿದ್ದರೆ ಹಿಂದುಮುಂದು ನೋಡದೆ ಎದ್ದುಬಿಡುತ್ತಿದ್ದ. ಎದುರಿನ ಊರಿನವರಿಗೆ ಇಂದಾ ಯಾವುದು, ಇಂದೆ ಯಾವುದು ಒಂದೂ ತಿಳಿಯುತ್ತಿರಲಿಲ್ಲ. ಇದರಿಂದಲೇ ಗಣಿಯ ತಂಡ ಗೆದ್ದಿತು, ಇದರಿಂದಲೇ ಇಬ್ಬರೂ ರಾಜ್ಯ ತಂಡಕ್ಕೆ ಹೋದರು. ಹೆಸರು ಬಂದದ್ದು ಒಬ್ಬನಿಗೆ.

ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ಭಾರತ ತಂಡ ಏಷ್ಯಾದ ಪಂದ್ಯಾವಳಿಗೆಂದು ಜಪಾನಿಗೆ ಹೊರಡುವುದಿತ್ತು, ಅದರ ಕೊನೆಯ ಶಿಬಿರ ಕೆಜಿಎಫ್‌ನಲ್ಲಿ ಎಂದಾಯಿತು. ಹವೆ ತಂಪು, ಇರಲು ದೊರೆಗಳ ಕಾಲದ ಬಂಗಲೆಗಳು, ಆಡಲು ಮೈದಾನ. ಪಂಜಾಬು, ರಾಜಸ್ಥಾನ, ಕೇರಳ ಎಲ್ಲ ಕಡೆಯ ಉದ್ದುದ್ದ ಆಳುಗಳು ರಾಬರ್ಟ್‌ಸನ್‌ಪೇಟೆಯ ಬೀದಿಯಲ್ಲಿ ತಲೆ ಬಗ್ಗಿಸಿಕೊಂಡು ಹೋಟೆಲಿನೊಳಗೆ ನುಗ್ಗುವುದನ್ನು ನೋಡುವುದೇ ಊರಿಗೆ ಹಬ್ಬವಾಯಿತು. ಪೆರುಮಾಳ್, ಕೋದಂಡಪ್ಪ ಇಬ್ಬರೂ ಶಿಬಿರದಲ್ಲಿದ್ದರು; ಅಲ್ಲಿದ್ದವರಲ್ಲಿ ಕೆಲವರನ್ನು ಕೊನೆಗೆ ಕೈಬಿಡಲಿದ್ದರು. ಲಿಫ್ಟರುಗಳಲ್ಲಿ ಒಬ್ಬ ಹಳಬ, ಅವನದು ಖಾತ್ರಿ. ಇನ್ನೊಂದು ಜಾಗಕ್ಕೆ ಕೋದಂಡಪ್ಪ ಮತ್ತು ಪಂಜಾಬಿನ ಸುಖದೇವ. ಕೋದಂಡಪ್ಪನಿಗೆ ಮೂವತ್ತು ದಾಟಿತ್ತು. ಈ ಸಲ ಬಿಟ್ಟರೆ ಇನ್ನು ಭಾರತದ ಬನಿಯನ್ನು ಹಾಕಿಕೊಳ್ಳುವ ಮಾತೇ ಇಲ್ಲ. ಸ್ಟೋರಿನ ಕಿಟಕಿಯಲ್ಲಿ ನಟ್ಟು ಬೋಲ್ಟು ಕೊಡುತ್ತಾ ತಲೆ ಬೆಳ್ಳಗೆ ಮಾಡಿಕೊಳ್ಳುವುದೇ ಗತಿ. ಜಪಾನಿಗೆ ಹೋಗಲೇಬೇಕು. ಬೆಳಿಗ್ಗೆ ಎದ್ದರೆ ಅದೇ, ಮಲಗಿದರೆ ಅದೇ.

ಇನ್ನು ಊರಿನವರ ಕಥೆ ಕೇಳಿ. ಕುಪ್ಪುಸ್ವಾಮಿಯ ಟೀ ಅಂಗಡಿಗೆ ಇಬ್ಬರೂ ಒಟ್ಟಿಗೆ ಹೋದರು. ಕುಪ್ಪುಸ್ವಾಮಿ ಪೆರುಮಾಳನನ್ನು ಕಂಡವನೇ ಬೆಂಚು ಒರೆಸಿ, ಕೆನೆ ಹಾಕಿದ ಟೀ ತಂದಿಟ್ಟು, ಅವನ ಭುಜ ಮುಟ್ಟಿ ಮುಟ್ಟಿ ನೋಡಿದ. ಆಮೇಲೆ ಕೋದಂಡಪ್ಪನ ಕಡೆ ತಿರುಗಿ, "ಸಾರ್, ನೀವೂ ಇದೇ ಆಟ ಆಡ್ತೀರಾ?" ಎಂದು ಕೇಳಿದ. ಎಂಟು ವರ್ಷ ಅದೇ ಅಂಗಡಿಯಲ್ಲಿ ಟೀ ಕುಡಿದವನನ್ನು!

"ಏ, ಅಣ್ಣ ಎತ್ತಿದ್ರೇನೇ ನಾನ್ ಒಡಿಯೋದು," ಎಂದ ಪೆರುಮಾಳ್.

"ಹೌದಾ? ಎತ್ತೋದಕ್ಕೂ ಆಳು ಬೇಕಾ?" ಎಂದು ಕುಪ್ಪುಸ್ವಾಮಿ ಒಲೆಯ ಕಡೆ ಹೋದ.

ಹೊರಗಿನದು ಹೋಗಲಿ, ಮನೆಯಲ್ಲಿ? ವೆಂಕಟರತ್ನಮ್ಮ ಬೇತಮಂಗಲದಿಂದ ಬಂದ ಅಕ್ಕನ ಮುಂದೆ ಕೂತು ವರ್ಣಿಸುತ್ತಿದ್ದಳು: "ಪೆರುಮಾಳು ಅದ್ಯಾವ ಪಾಟಿ ಎಗರ್ತಾನೆ ಅಂತೀಯಕ್ಕಾ! ನೆಟ್ ಮ್ಯಾಕಿಂದ ಆಚೆಗಿರೋರ ನೆತ್ತಿ ಕಾಣ್ತದೆ ಅವನ್ಗೆ!"

"ನಿನ್ ಗಂಡ?"

"ಇವ್ರು ಪಕ್ಕದಾಗೆ ಇರ್ತಾರೆ."

ಪಕ್ಕದಾಗೆ ಇರ್ತಾರಂತೆ! ಕೋದಂಡಪ್ಪ ಅಂದು ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಎದ್ದ. ಯಾಕೆಂದು ಹೆಂಡತಿ ಕೇಳಿದರೆ ಸಾರಿಗೆ ಉಪ್ಪು ಜಾಸ್ತಿ ಎಂದ. ಸಾರು ಸರಿಯಾಗೇ ಇತ್ತು.

ಈ ಉರಿಯ ಮೇಲೆ ತುಪ್ಪ ಸುರಿದವನು ಶ್ರೀನಿವಾಸಪ್ಪ. ಊರಲ್ಲಿ ಯಾವ ಆಟ ನಡೆದರೂ ಸೀಟಿ ಕೊರಳಿಗೆ ಹಾಕಿಕೊಂಡು ಓಡಾಡುವ ಆಸಾಮಿ; ಗೊತ್ತಿದ್ದದ್ದು ಕಾಲುಭಾಗ, ಬಾಯಲ್ಲಿ ಆಡುವುದು ಮುಕ್ಕಾಲು. ಬಸ್ ಸ್ಟ್ಯಾಂಡಿನಲ್ಲಿ ಕೋದಂಡಪ್ಪನ ಹೆಗಲ ಮೇಲೆ ಕೈ ಹಾಕಿ, ದನಿ ತಗ್ಗಿಸಿ ಹೇಳಿದ: "ಕೋದಂಡಾ, ಮನಸ್ಗೆ ಅಚ್ಕೋಬೇಡ. ಒಂದೇ ಊರಿಂದ ಇಬ್ರುನ್ನ ತಗೊಳಲ್ವಂತೆ. ಬ್ಯಾರೆ ರಾಜ್ಯದೋರು ಗಲಾಟೆ ಮಾಡ್ತಾರಲ್ಲ. ನೀನೋ ಪೆರುಮಾಳೋ, ಒಬ್ರೇ. ಪೆರುಮಾಳು ಅಂದ್ಮೇಕೆ... ತಿಳೀತಲ್ಲ."

ಕೋದಂಡಪ್ಪನಿಗೆ ತಿಳಿಯಿತು. ಚೆನ್ನಾಗಿಯೇ ತಿಳಿಯಿತು. ತಾನು ಸುಖದೇವನ ಜೊತೆ ಸೆಣಸುತ್ತಿದ್ದೇನೆ ಎಂದುಕೊಂಡಿದ್ದ ಪೆದ್ದ! ತನ್ನ ಜಾಗದ ಮೇಲೆ ಕೂತಿರುವವನು ದಿನಾ ತನ್ನ ಕೈಯಿಂದಲೇ ಬಾಲು ತಿನ್ನುವ ಪೆರುಮಾಳ್. ತಾನೇ ಎತ್ತಿ ಎತ್ತಿ ಅವನನ್ನು ಜಪಾನಿಗೆ ಕಳಿಸುತ್ತಿದ್ದೇನೆ. ಶ್ರೀನಿವಾಸಪ್ಪನ ಮಾತು ನಿಜವೋ ಸುಳ್ಳೋ ಎಂದು ಇನ್ನೊಬ್ಬರನ್ನು ಕೇಳಬಹುದಿತ್ತು. ಕೇಳಲಿಲ್ಲ. ಹೊಟ್ಟೆಕಿಚ್ಚಿನವನಿಗೆ ಅಂಥ ಮಾತು ಸುಳ್ಳಾಗುವುದು ಬೇಕಿರುವುದಿಲ್ಲ.

ಆಯ್ಕೆಗೆ ಮುಂಚಿನ ಪಂದ್ಯ ಭಾನುವಾರ ಮಧ್ಯಾಹ್ನ. ಶಿಬಿರದವರನ್ನೇ ಎರಡು ಪಾಲು ಮಾಡಿ ಆಡಿಸಿದರು. ಒಂದು ಕಡೆ ಕೋದಂಡಪ್ಪ ಲಿಫ್ಟರ್, ಜೊತೆಗೆ ಪೆರುಮಾಳ್ ಮತ್ತು ಕೇರಳದ ಒಬ್ಬ ಉದ್ದನೆಯ ಸ್ಮ್ಯಾಷರ್. ಇನ್ನೊಂದು ಕಡೆ ಸುಖದೇವ. ಕೋಚ್ ನೆಟ್ಟಿನ ಕಂಬದ ಪಕ್ಕ ಕೈಕಟ್ಟಿ ನಿಂತಿದ್ದರು. ಹೈದರಾಬಾದಿನವರು, ಶಿಬಿರದಲ್ಲಿ ಆಡುತ್ತಿದ್ದುದೆಲ್ಲ ಹಿಂದಿ, ಸಿಟ್ಟು ಬಂದರೆ ಇಂಗ್ಲಿಷು. ಮೈದಾನದ ಸುತ್ತ ಊರೆಲ್ಲ ನಿಂತಿತ್ತು. ಹೆಂಗಸರ ಕಡೆ ವೆಂಕಟರತ್ನಮ್ಮನೂ ಅವಳ ಅಕ್ಕನೂ ಸೆರಗು ತಲೆ ಮೇಲೆ ಹೊದ್ದು ನಿಂತಿದ್ದರು.

ಮೊದಲ ಸೆಟ್ಟು ಕೋದಂಡಪ್ಪ ನ್ಯಾಯವಾಗೇ ಆಡಿದ. ಇಂದಾ ಎಂದ, ಕೊಟ್ಟ, ಪೆರುಮಾಳ್ ಬಡಿದ. ಇಂದೆ ಎಂದ, ಕೊಟ್ಟ. ಪೆರುಮಾಳ್ ಬೆನ್ನ ಹಿಂದಿನಿಂದ ಓಡಿಬಂದು ಬಡಿದ. ಸೆಟ್ಟು ಗೆದ್ದರು. ಜನ ಕುಣಿದರು. ಆ ಗದ್ದಲದ ನಡುವೆ ಒಂದು ದನಿ ಕೋದಂಡಪ್ಪನಿಗೆ ಬೇರೆಯಾಗಿ ಕೇಳಿಸಿತು, "ಪೆರುಮಾಳೂ! ಅಂಗೆ ಬಿಡು!" ಎಂದು. ಅವನ ಹೆಂಡತಿಯದು.

ಆಗ ಅವನೊಳಗೆ ಏನೋ ಗಂಟು ಬಿಚ್ಚಿಹೋಯಿತು. ಹಾಳಾಗಿ ಹೋಗಲಿ, ಎಂದುಕೊಂಡ. ಎರಡನೇ ಸೆಟ್ಟಿನಲ್ಲಿ ಬಾಲು ಬಂತು. ಕೋದಂಡಪ್ಪ ಗಟ್ಟಿಯಾಗಿ, ಸ್ಪಷ್ಟವಾಗಿ ಕೂಗಿದ:

"ಇಂದಾ!"

ಕೂಗಿ, ಬೆನ್ನನ್ನು ಹಿಂದಕ್ಕೆ ಬಾಗಿಸಿ ಬಾಲನ್ನು ತಲೆಯ ಮೇಲಿಂದ ಹಿಂದಕ್ಕೆ ಕಳಿಸಿದ.

ಪೆರುಮಾಳ್ ಎದ್ದಿದ್ದ. ಪೂರ್ತಿ ಎದ್ದಿದ್ದ. ಕೈ ಬೀಸಿದ, ಅಂಗೈಗೆ ಏನೂ ಸಿಗದೆ ಮೈ ಒಂದು ಸುತ್ತು ತಿರುಗಿ ಮೊಣಕಾಲೂರಿ ಬಿದ್ದ. ಬಾಲು ಹಿಂದಿದ್ದ ಕೇರಳದವನಿಗೆ ಸಿಕ್ಕಿ ಅವನು ನಿರಾಳವಾಗಿ ಹೊಡೆದ. ಪಾಯಿಂಟು ಬಂತೇನೋ ಸರಿ, ಆದರೆ ಜನ ನೋಡಿದ್ದು ಗಾಳಿಗೆ ಬಾರಿಸಿದವನನ್ನು.

"ಯೋನ್ಲಾ ಪೆರುಮಾಳು, ಸೊಳ್ಳೆ ಒಡೀತಿದ್ದೀಯಾ?" ಎಂದು ಯಾರೋ ಕಿರುಚಿದರು. ನಗು ಮೈದಾನವನ್ನೆಲ್ಲ ಒಂದು ಸುತ್ತು ಹಾಕಿತು. ಕೋದಂಡಪ್ಪನಿಗೆ ಆ ನಗು ಕಬ್ಬಿನ ಹಾಲು ಕುಡಿದ ಹಾಗಾಯಿತು. ಎಂಟು ವರ್ಷದ ದಾಹ, ಸಾಮಾನ್ಯವೇ?

ಪೆರುಮಾಳ್ ಧೂಳು ಕೊಡವಿಕೊಂಡು ಬಂದು ತಗ್ಗಿದ ದನಿಯಲ್ಲಿ ಹೇಳಿದ: "ಸಾರಿ ಅಣ್ಣಾ. ನಾನ್ ಸರ್ಯಾಗ್ ಕೇಳುಸ್ಕೊಂಡಿಲ್ಲ ಅನ್ಸುತ್ತೆ. ಇಂದೆ ಅಂದ್ಯೇನೋ."

"ಕಿವಿ ನೆಟ್ಗೆ ಇಟ್ಕಳ್ಲಾ," ಎಂದ ಕೋದಂಡಪ್ಪ.

ಮತ್ತೆ ಬಾಲು ಬಂತು. ಮತ್ತೆ 'ಇಂದಾ'. ಮತ್ತೆ ಹಿಂದಕ್ಕೆ. ಪೆರುಮಾಳ್ ಮತ್ತೆ ಎದ್ದ, ಮತ್ತೆ ಗಾಳಿ. ನಡುನಡುವೆ ಒಂದೊಂದು ನಿಜವಾದ ಬಾಲು ಕೊಟ್ಟು ಅವನ ಆಸೆ ಉಳಿಸಿ, ಮತ್ತೆ ಸುಳ್ಳು ಕೂಗಿದ. ಪ್ರತಿ ಸಲವೂ ಪೆರುಮಾಳ್ ಮೊದಲ ಸಲದಷ್ಟೇ ಎತ್ತರಕ್ಕೆ ಎದ್ದ. ಎದುರಿನ ಇಬ್ಬರು ಅವನ ಹೊಡೆತಕ್ಕೆ ಕೈ ಅಡ್ಡ ಹಿಡಿಯಲು, ಬ್ಲಾಕಿಗೆಂದು ಪ್ರತಿ ಸಲವೂ ಅವನ ಜೊತೆಗೇ ಎಗರಿದರು. ಕೇರಳದವನ ಮುಂದೆ ನೆಟ್ಟು ಬಟಾಬಯಲಾಗಿತ್ತು. ಕೊನೆಕೊನೆಗೆ ಕೋದಂಡಪ್ಪನಿಗೇ ರೇಗಿಹೋಯಿತು. ಒಂದು ಸಲ ಮೋಸ ಹೋದವನು ಎರಡನೇ ಸಲ ಅನುಮಾನಪಡಬಾರದೇ? ಮೂರನೇ ಸಲ ಅರ್ಧ ಎಗರಬಾರದೇ? ನಂಬದೆ ಇರೋಕೆ ಇವನಿಗೇನು ರೋಗ? ಪಂದ್ಯ ಇವರ ಕಡೆಯೇ ಗೆದ್ದಿತು. ಜನ ಮಾತ್ರ, "ಪೆರುಮಾಳ್‌ಗೆ ಇವತ್ತು ಯಾರದೋ ಕಣ್ಣು ಬಿದ್ದದೆ," ಎನ್ನುತ್ತಾ ಚದುರಿದರು. ವೆಂಕಟರತ್ನಮ್ಮ ಅಕ್ಕನ ಜೊತೆ ಮನೆಗೆ ನಡೆದಳು. ಕೋದಂಡಪ್ಪ ತನ್ನ ಕೆಲಸ ಆಯಿತೆಂದುಕೊಂಡು ತಣ್ಣೀರಲ್ಲಿ ಮುಖ ತೊಳೆದ.

ಸಂಜೆ ಬಂಗಲೆಯ ಮುಂದೆ ಎಲ್ಲರನ್ನೂ ಕೂರಿಸಿ ಕೋಚ್ ಒಂದೊಂದೇ ಹೆಸರು ಓದಿದರು. ಪೆರುಮಾಳನ ಹೆಸರು ಮೊದಲ ಸಾಲಿನಲ್ಲೇ ಬಂತು. ಕೋದಂಡಪ್ಪ ಕಾದ. ಲಿಫ್ಟರುಗಳಲ್ಲಿ ಹಳಬನ ಹೆಸರು ಬಂತು. ಆಮೇಲೆ ಸುಖದೇವನದು. ಆಮೇಲೆ ಕೋಚ್ ಕಾಗದ ಮಡಿಸಿದರು.

ಹುಡುಗರು ಎದ್ದು ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಿರುವಾಗ ಕೋಚ್ ಕೋದಂಡಪ್ಪನನ್ನು ವರಾಂಡದ ಮೂಲೆಗೆ ಕರೆದರು. ಹಿಂದಿಯಲ್ಲಿ ಏನಾದರೂ ಸಮಾಧಾನ ಹೇಳುತ್ತಾರೆ ಎಂದುಕೊಂಡಿದ್ದ. ಅವರು ಬಾಯಿ ಬಿಟ್ಟರೆ ತೆಲುಗು!

"ಇಂದಾ ಅಂಟೇ ಮಾ ಇಂಟ್ಲೋ ಕೂಡಾ 'ತೀಸ್ಕೋ' ಅನೇ ಅರ್ಥಂ, ಕೋದಂಡಪ್ಪಾ."

ಅಯ್ಯೋ ನನ್ನ ಬುದ್ಧಿಗೆ ಬೆಂಕಿ ಹಾಕ! ತೆಲುಗರ ಮಾತಿನಲ್ಲೂ ಇಂದಾ ಎಂದರೆ ತಗೋ ಎಂದೇ. ಕೋಲಾರ ಸೀಮೆಯಲ್ಲಿ ಹುಟ್ಟಿ, ಸಂತೆಯಲ್ಲಿ ದಿನಾ ತೆಲುಗು ಆಡುವ ತನಗೆ ಅದು ಗೊತ್ತಿಲ್ಲವೇ? ಹೈದರಾಬಾದಿನ ಮನುಷ್ಯನನ್ನು ಇಷ್ಟು ದಿನ ಹಿಂದಿಯವನೆಂದೇ ತಿಳಿದು, ಅವರ ಕಿವಿಯ ಪಕ್ಕದಲ್ಲೇ ನಿಂತು 'ತಗೋ, ತಗೋ' ಎಂದು ಕೂಗಿ ಬಾಲನ್ನು ಬೇರೆಯವನಿಗೆ ಕೊಟ್ಟಿದ್ದ.

ಕೋಚ್ ತೆಲುಗಿನಲ್ಲೇ ಮುಂದುವರಿಸಿದರು. ಸಿಟ್ಟಿರಲಿಲ್ಲ, ಅದೇ ಇನ್ನೂ ಕಷ್ಟವಾಗಿತ್ತು. "ನಮ್ಮಮ್ಮ ಇಂದಾ ಎಂದು ಕರೆದರೆ ಅವಳ ಕೈಯಲ್ಲಿ ಬೆಲ್ಲವೋ ಕಡಲೆಯೋ ಏನಾದರೂ ಇರುತ್ತಿತ್ತು. ಇಂದಾ ಎಂದು ಕರೆದು ಬರಿಗೈ ತೋರಿಸಿದವರನ್ನು ಇವತ್ತೇ ನೋಡಿದ್ದು. ಆ ಹುಡುಗ ನೋಡು, ನೀನು ಕರೆದಾಗೆಲ್ಲ ಎದ್ದ. ಅವನ ಜೊತೆ ಎದುರಿನವರು ಇಬ್ಬರೂ ಎದ್ದರು. ಅಷ್ಟು ನಂಬಿ ಎಗರುವವನು ನನ್ನ ತಂಡಕ್ಕೆ ಬೇಕೇ ಬೇಕು. ಕರೆದು ಕೊಡದವನು ಬೇಡ."

"ಒಂದೇ ಊರಿಂದ ಇಬ್ಬರನ್ನು ತಗೊಳಲ್ಲ ಅಂದ್ರು ಸಾರ್," ಎಂದ ಕೋದಂಡಪ್ಪ.

"ಯಾರು ಅಂದಿದ್ದು? ಮೊದಲ ಸೆಟ್ಟು ಮುಗಿದಾಗ ನಿಮ್ಮಿಬ್ಬರ ಹೆಸರನ್ನೂ ಒಟ್ಟಿಗೇ ಬರೆದಿದ್ದೆ. ಅವನು ಬಂದರೆ ನೀನು ಬರಲೇಬೇಕಲ್ಲ, ಇನ್ನು ಯಾರು ಎತ್ತುತ್ತಾರೆ ಅವನಿಗೆ?" ಎಂದರು ಕೋಚ್. "ಆ ಹುಡುಗನಿಗೆ ನಾನು ಏನೂ ಹೇಳಿಲ್ಲ," ಎಂದು ಒಳಗೆ ಹೋದರು.

ಗೇಟಿನ ಹತ್ತಿರ ಪೆರುಮಾಳ್ ಕಾಯುತ್ತಾ ನಿಂತಿದ್ದ. ಆಯ್ಕೆಯಾದವನ ಮುಖವೇ ಅಲ್ಲ ಅದು, ಕಣ್ಣು ಕೆಂಪಗಾಗಿತ್ತು.

"ಅನ್ಯಾಯ ಅಣ್ಣಾ ಇದು. ನನ್ ಮೇಕೆ ಇಬ್ರುನ್ನೂ ಎಗುರ್ಸಿ ಅವನ್ಗೆ ಫ್ರೀ ಬಾಲ್ ಕೊಡೋ ಐಡಿಯಾ ನಿಂದು. ನಾನ್ ಮಡೆಯ, ಪೆದ್ದ, ಕೊನೇಲಿ ತಿಳೀತು. ಮೊದ್ಲೇ ಹೇಳಿದ್ರೆ ಎಲ್ಲಿ ಸುಳ್ಳು ಸುಳ್ಳೇ ಎಗರ್ತೀನೋ ಅಂತ ಹೇಳ್ಲಿಲ್ಲ ಅಲ್ವಾ ನೀನು? ಅದ್ರಿಂದ್ಲೇ ನಾನ್ ಸೆಲೆಕ್ಟ್ ಆದೆ. ಮಾಡ್ದೋನ್ನ ಬಿಟ್ಬಿಟ್ರು ನೋಡು."

ಕೋದಂಡಪ್ಪ ಏನೆಂದು ಹೇಳಬೇಕು? ನಿನ್ನನ್ನು ಹಾಳುಮಾಡಲು ಹೊರಟಿದ್ದೆ ಕಣೋ ಎನ್ನಲೇ? ಬಾಯಿವರೆಗೂ ಬಂತು. ಬಂದದ್ದನ್ನು ನುಂಗಿಕೊಂಡು, "ಓಗ್ಲಿ ಬಿಡ್ಲಾ," ಎಂದ.

"ಒಂದ್ ಕೆಲ್ಸ ಮಾಡ್ಕೊಡಣ್ಣಾ. ಇಂದಾ ಅಂತ ಕೂಗಿ ಎತ್ತೋದು ಸುಖದೇವನ್ಗೆ ಸ್ವಲ್ಪ ಕಲ್ಸು. ಬೆಳಿಗ್ಗೆ ಬಾ. ಅದಿಲ್ದೆ ನಂಗೆ ಕಾಲೇ ಏಳಲ್ಲ."

ಬರುವುದಿಲ್ಲ ಎನ್ನಲು ಒಂದು ಕಾರಣ ಬೇಕಿತ್ತು. ನಿಜವಾದ ಕಾರಣ ಬಿಟ್ಟು ಬೇರೆ ಯಾವುದೂ ಹೊಳೆಯಲಿಲ್ಲ. ಬೆಳಿಗ್ಗೆ ಹೋದ.

ಸುಖದೇವ ಒಳ್ಳೆಯ ಮನುಷ್ಯ, ಕೈ ಜೋಡಿಸಿ ನಿಂತ. ಕೋದಂಡಪ್ಪ ಬೆರಳು ಹೇಗಿಡಬೇಕು, ನೆಟ್ಟಿಗೆ ಎಷ್ಟು ಹತ್ತಿರ, ಎಷ್ಟು ಎತ್ತರ ಎಲ್ಲ ತೋರಿಸಿದ. ಕೈಯೇನೋ ಬಂತು, ಬಾಯಿ ಬರಲಿಲ್ಲ. ಪಂಜಾಬಿನವನು ಬಾಲು ಕೈಗೆ ಮುಟ್ಟಿದ ಮೇಲೆ 'ಹಿಂದಾ' ಎಂದು ಕೂಗುತ್ತಿದ್ದ. ನಾವು ಬಿಟ್ಟ ಹಕಾರವನ್ನೆಲ್ಲ ಅವನೇ ಹೆಕ್ಕಿಕೊಂಡವನ ಹಾಗೆ! ಕೂಗು ತಡವಾಗಿ ಪೆರುಮಾಳ್ ಏಳುವುದೂ ತಡವಾಯಿತು, ಬಾಲು ಅವನ ಭುಜಕ್ಕೆ ಬಡಿಯಿತು. ಇನ್ನೊಂದು ಸಲವೂ ಹಾಗೇ ಆಯಿತು.

"ಅಣ್ಣಾ, ನೀನೇ ಕೂಗು. ಅವನು ಎತ್ಲಿ. ನಂಗೆ ಪಳಗಿರೋದು ನಿನ್ ಗಂಟಲೇ," ಎಂದ ಪೆರುಮಾಳ್.

ಕೋದಂಡಪ್ಪ ಸುಣ್ಣದ ಗೆರೆಯ ಆಚೆಗೆ ಬಂದು ನಿಂತ. ಹಿಂದಿನಿಂದ ಬಾಲು ಮೇಲಕ್ಕೆ ಬಂತು. ಸುಖದೇವ ಕೈ ಎತ್ತಿದ.

"ಇಂದಾ!"

ಪೆರುಮಾಳ್ ಎದ್ದ. ನಿನ್ನೆ ಅಷ್ಟು ಸಲ ಗಾಳಿಗೆ ಬಿದ್ದವನು ಕೂದಲೆಳೆಯಷ್ಟೂ ಹಿಂಜರಿಯದೆ ಎದ್ದ. ಬಾಲು ಕರೆದ ಜಾಗಕ್ಕೆ ಬಂತು. ಪಟಾರ್ ಎಂದು ಆಚೆ ಧೂಳೆದ್ದಿತು. ಪೆರುಮಾಳ್ ಕಾಲೂರಿದವನೇ ಓಡಿ ಹೋಗಿ ಸುಖದೇವನನ್ನು ಅಪ್ಪಿ ಮೇಲೆತ್ತಿದ. ಇಬ್ಬರೂ ನಕ್ಕರು.

ನಿನ್ನೆಯವರೆಗೆ ಕೋದಂಡಪ್ಪ ಪೆರುಮಾಳನ ಚಪ್ಪಾಳೆಗೆ ಉರಿದುಕೊಂಡಿದ್ದ. ಇವತ್ತು ಅವನಿಗೆ ಆ ಚಪ್ಪಾಳೆಯ ನೆನಪೂ ಆಗಲಿಲ್ಲ. ಸುಖದೇವನ ಆ ಹತ್ತು ಬೆರಳು ಕಂಡು ಹೊಟ್ಟೆಯಲ್ಲಿ ಕೆಂಡ ಸುರಿದ ಹಾಗಾಯಿತು. ಇಷ್ಟು ವರ್ಷ ತನ್ನ ಕೈಯಲ್ಲಿದ್ದದ್ದು ಏನೆಂದು ಇನ್ನೊಬ್ಬನ ಕೈಯಲ್ಲಿ ನೋಡಿದ. ಓಡಿ ಹೋಗಿ ಅವನನ್ನು ದಬ್ಬಿ ಆ ಜಾಗದಲ್ಲಿ ನಿಲ್ಲಬೇಕೆನಿಸಿತು. ಗೆರೆ ದಾಟಲು ಕಾಲು ಬರಲಿಲ್ಲ.

"ಸರ್ಯಾಗ್ ಬಂತಣ್ಣಾ! ಇನ್ನೊಂದ್ಸಲ ಕೂಗು!" ಎಂದ ಪೆರುಮಾಳ್, ಕೈ ಒರೆಸಿಕೊಂಡು ತನ್ನ ಜಾಗಕ್ಕೆ ಹೋಗುತ್ತಾ.

ಕೋದಂಡಪ್ಪ ಕೂಗಿದ.